ಸೋಮವಾರ ಬೇಡ, ರಘು

ತೀರ್ಥಹಳ್ಳಿ
ಬುಧವಾರ, ರಾತ್ರಿ

ಪ್ರೀತಿಯ ರಘು,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಅಮ್ಮನಿಗೆ ತೋರಿಸಿಲ್ಲ, ಹೆದರಬೇಡ. ಕೆಲಸದ ವಿಷಯ, ಆ ಮನೆ ಬಿಟ್ಟ ವಿಷಯ ಎಲ್ಲ ನಮಗೆ ಗೊತ್ತಿರುವುದೇ. ಅದರ ಬಗ್ಗೆ ಒಂದು ಮಾತೂ ಬರೆಯುವುದಿಲ್ಲ. ಕುಡಿತ ಬಿಡುತ್ತೇನೆ ಅಂದಿದ್ದೀಯಲ್ಲ, ಅದನ್ನು ಓದಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಆಮೇಲೆ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ.

ಎರಡನೇ ಸಲ ಓದಬಾರದಿತ್ತೇನೋ. "ಬೆಳಿಗ್ಗೆ ಕಾಫಿ ಮಗ್ ಹಿಡಿಯೋಕೆ ಎರಡೂ ಕೈ ಬೇಕು ದೊಡ್ಡಮ್ಮ, ಮಗು ಹಾಲು ಕುಡಿದ ಹಾಗೆ" ಅಂತ ತಮಾಷೆಗೆ ಬರೆದಿದ್ದೀಯ. ಅದರ ಕೆಳಗೇ, ಸೋಮವಾರದಿಂದ ಒಂದು ಹನಿಯೂ ಮುಟ್ಟಲ್ಲ, ಕಿವಿಗೆ ಸೂಜಿ ಹಾಕಿಸಿಕೊಂಡು ಬಂದು ಒಂದು ವಾರ ಬಾಗಿಲು ಹಾಕಿಕೊಂಡು ರೂಮಿನಲ್ಲೇ ಇದ್ದುಬಿಡ್ತೀನಿ ಅಂತ.

ಆ ಎರಡು ಸಾಲು ಒಟ್ಟಿಗೆ ಓದಿದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ.

ಆ ಸೂಜಿ, ಚೀನೀಯರ ಅಕ್ಯುಪಂಕ್ಚರ್, ಅದರ ಬಗ್ಗೆ ನನಗೆ ಏನೂ ಕೋಪ ಇಲ್ಲ. ಮೂವತ್ತೆರಡು ವರ್ಷ ನರ್ಸ್ ಆಗಿದ್ದವಳು, ಇಂಗ್ಲಿಷ್ ಔಷಧಿ ಬಿಟ್ಟರೆ ಬೇರೆ ಇಲ್ಲ ಅಂತಾಳೆ ಅಂದುಕೊಳ್ಳಬೇಡ. ನಿನ್ನ ಜೊತೆ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಇದ್ದಾಗ ಬೌನ್ ಸ್ಟ್ರೀಟಿನ ಗಣಪತಿ ಗುಡಿಯ ಕ್ಯಾಂಟೀನಿನಲ್ಲಿ ದೋಸೆ ತಿಂದು ಮೇನ್ ಸ್ಟ್ರೀಟಿಗೆ ನಡೆದುಕೊಂಡು ಹೋಗುತ್ತಿದ್ದೆವಲ್ಲ. ಅಲ್ಲಿನ ಚೀನೀ ಔಷಧಿ ಅಂಗಡಿ ಮುಂದೆ ನಾನು ನಿಂತುಬಿಡುತ್ತಿದ್ದೆ. ಗೋಡೆ ತುಂಬ ಮರದ ಸಣ್ಣ ಸಣ್ಣ ಡ್ರಾಯರ್. ಆ ಮುದುಕ ಒಂದೊಂದರಿಂದ ಒಂದೊಂದು ಹಿಡಿ ಬೇರು, ಚಕ್ಕೆ ತೆಗೆದು ಕೈತಕ್ಕಡಿಯಲ್ಲಿ ತೂಗಿ ಕಾಗದದ ಮೇಲೆ ಸುರಿಯುತ್ತಿದ್ದ. ನನಗೆ ನಮ್ಮ ಶಿವಮೊಗ್ಗದ ಗ್ರಂದಿಗೆ ಅಂಗಡಿಯೇ ಕಣ್ಣ ಮುಂದೆ ಬಂತು. ವಾಸನೆ ಕೂಡ ಅದೇ, ಸ್ವಲ್ಪ ಅತಿಮಧುರ, ಸ್ವಲ್ಪ ಒಣಮಣ್ಣು. ನನ್ನ ಮಂಡಿಗೆ ಅಲ್ಲೇ ಮೂರು ಸಲ ಸೂಜಿ ಹಾಕಿಸಿಕೊಂಡೆ, ನೆನಪಿದೆಯಾ? ಮಂಡಿ ಹಾಗೇ ಇತ್ತು. ಆದರೆ ಆ ಮೂರು ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು ಅಂತೀಯ.

ಆದರೆ ಆ ಕಾಫಿ ಮಗ್, ರಘು.

ನಿನ್ನ ಪತ್ರ ಬಂದ ಮೇಲೆ ಈ ಕಿವಿ ಸೂಜಿ ಎಲ್ಲಿಂದ ಬಂತು ಅಂತ ಕೂತು ಓದಿದೆ. ಹಾಂಗ್‌ಕಾಂಗ್‌ನಲ್ಲಿ ವೆನ್ ಅನ್ನುವ ಒಬ್ಬ ನರ ಶಸ್ತ್ರವೈದ್ಯರು ಇದ್ದರು. 1972ರಲ್ಲಿ ಅವರು ಆಪರೇಶನ್ ನೋವು ತಡೆಯಲು ಸೂಜಿಗೆ ಸ್ವಲ್ಪ ಕರೆಂಟ್ ಕೊಟ್ಟು ನೋಡುತ್ತಿದ್ದರು. ಅವರ ರೋಗಿಗಳಲ್ಲಿ ಅಫೀಮು ಚಟದವರೂ ಇದ್ದರು. ಸೂಜಿ ಹಾಕಿದ ಮೇಲೆ ಅಫೀಮು ಇಲ್ಲದ ಸಂಕಟ ಕಡಿಮೆ ಆಯಿತು ಅಂತ ಆ ರೋಗಿಗಳೇ ಹೇಳಿದರಂತೆ. ಯಾರೂ ಹುಡುಕಿಕೊಂಡು ಹೋಗಿದ್ದಲ್ಲ, ಆಕಸ್ಮಿಕವಾಗಿ ಸಿಕ್ಕಿದ್ದು. ಅಲ್ಲಿಂದ ಅದು ಬಂದದ್ದು ನಿನ್ನ ಊರಿಗೇ, ಸೌತ್ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಗೆ. 1970ರಲ್ಲಿ ಅಲ್ಲಿನ ಬಡ ಹುಡುಗರು, ಯಂಗ್ ಲಾರ್ಡ್ಸ್ ಅನ್ನುವ ಗುಂಪಿನವರು, ಆಸ್ಪತ್ರೆಗೇ ನುಗ್ಗಿ ಕೂತು, ನಮ್ಮ ಬೀದಿಯಲ್ಲಿ ಹೆರಾಯಿನ್‌ಗೆ ಸಾಯ್ತಿದ್ದಾರೆ, ಏನಾದರೂ ಮಾಡಿ ಅಂತ ಹಠ ಹಿಡಿದರು. ಚಟ ಬಿಡಿಸುವ ಕೇಂದ್ರ ಶುರುವಾದದ್ದು ಹಾಗೆ. ಕೆಲವು ವರ್ಷದಲ್ಲಿ ಅಲ್ಲಿ ಸೂಜಿ ಬಂತು. ಮೈಕೆಲ್ ಸ್ಮಿತ್ ಅನ್ನುವ ಮನೋವೈದ್ಯರು ಅದನ್ನು ಕಿವಿಯ ಐದೇ ಜಾಗಕ್ಕೆ ಇಳಿಸಿದರು. 1985ರಲ್ಲಿ ನಾಡಾ ಅಂತ ಸಂಸ್ಥೆ ಮಾಡಿ ಊರೂರಿಗೆ ಕಲಿಸಿದರು. ನಿನಗೆ ಹಾಕುವುದೂ ಆ ಐದೇ ಜಾಗಕ್ಕೇ ಇರಬೇಕು, ಅಲ್ವಾ?

ಅವರು ಸೂಜಿ ಹಾಕುವ ಕೋಣೆಯ ಬಗ್ಗೆ ಓದಿ ನನಗೆ ಇಷ್ಟವಾಯಿತು. ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು, ಕಿವಿಯಲ್ಲಿ ಸೂಜಿ ಇಟ್ಟುಕೊಂಡು, ಮುಕ್ಕಾಲು ಗಂಟೆ ಸುಮ್ನೆ ಕೂರುವುದು. ಯಾಕೆ ಕುಡಿದೆ, ಹೆಂಡತಿ ಏನಂದಳು ಅಂತ ಯಾರೂ ಕೇಳುವುದಿಲ್ಲ. ಮಾತಾಡಲೇಬೇಕು ಅಂತ ಇಲ್ಲ. ನಮ್ಮ ಮನೆಯಲ್ಲಿ ಹಾಗೆ ಯಾರನ್ನಾದರೂ ಮುಕ್ಕಾಲು ಗಂಟೆ ಸುಮ್ಮನೆ ಬಿಟ್ಟಿದ್ದೇವಾ ಹೇಳು.

ಆದರೆ ಇಲ್ಲಿ ಒಂದು ವಿಷಯ ಇದೆ. ಇದು ಹುಟ್ಟಿದ್ದು ಅಫೀಮಿನವರಿಗೆ, ಬೆಳೆದದ್ದು ಹೆರಾಯಿನ್‌ನವರ ಮಧ್ಯೆ. ಅದನ್ನು ಬಿಡುವಾಗ ಮೈಯೆಲ್ಲ ಹಿಂಡಿದ ಹಾಗಾಗುತ್ತದೆ, ವಾಂತಿ, ಭೇದಿ, ಚಳಿ, ಸತ್ತರೆ ಸಾಕು ಅನಿಸುತ್ತದೆ. ಆದರೂ ಮೈಯಲ್ಲಿ ಗಟ್ಟಿ ಇರುವವನನ್ನು ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಹೆಂಡ ಹಾಗಲ್ಲ ಮಗು. ದಿನಾ ಜಾಸ್ತಿ ಕುಡಿಯುವವನು ಒಂದೇ ಏಟಿಗೆ ನಿಲ್ಲಿಸಿದರೆ ಮಿದುಳು ಬ್ರೇಕ್ ಇಲ್ಲದ ಲಾರಿ ಹಾಗೆ ಆಗುತ್ತದೆ. ಕೊನೆಯ ಗುಟುಕಿನಿಂದ ಆರು ಗಂಟೆಯಿಂದ ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಎರಡನೇ ದಿನ, ಮೂರನೇ ದಿನ, ಕೆಲವೊಮ್ಮೆ ಅದರ ಮೇಲೂ, ಜ್ವರ, ಬೆವರು, ಇಲ್ಲದ್ದು ಕಾಣುವುದು. ಇದು ಜೀವ ತೆಗೆಯುತ್ತದೆ. ಬೆಳಿಗ್ಗೆ ಕೈ ನಡುಗುವುದು ಅಂದರೆ ಅದು ಆಗಲೇ ಬಾಗಿಲಲ್ಲಿ ನಿಂತಿದೆ ಅಂತ. ರಾತ್ರಿ ಮಲಗಿದ ಏಳೆಂಟು ಗಂಟೆಗೇ ನಿನ್ನ ಮೈ ಕೇಳಲು ಶುರು ಮಾಡುತ್ತಿದೆ. ಸೋಮವಾರ ಅದು ಕೇಳುತ್ತಲೇ ಇರುತ್ತದೆ, ನೀನು ಕೊಡುವುದಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ.

ನಿನಗೆ ಶಂಕರಮಾವನ ವಿಷಯ ಗೊತ್ತು. ಬಾವಿಕಟ್ಟೆಯ ವಿಷಯವೂ ಗೊತ್ತು. ಅದನ್ನು ಬರೆಯುವುದಿಲ್ಲ. ಆದರೆ ಅದರ ಹಿಂದಿನ ಎರಡು ದಿನ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನೂ ಯಾರಿಗೂ ಹೇಳಿಲ್ಲ.

1986ರ ನವೆಂಬರ್. ಅಣ್ಣ ಅಯ್ಯಪ್ಪನ ಮಾಲೆ ಹಾಕಿದ. ನಲವತ್ತೊಂದು ದಿನದ ವ್ರತ, ಇನ್ನು ಮುಟ್ಟಲ್ಲ ಅಂದ. ಅಜ್ಜಿಗೆ ಆದ ಸಂತೋಷ ಇಷ್ಟು ಅಷ್ಟಲ್ಲ. ಹಿಂದಿನ ರಾತ್ರಿಯವರೆಗೂ ಕುಡಿದಿದ್ದ. ನಾನು ಮಾರನೇ ಸಂಜೆ ರಜೆ ಹಾಕಿ ಶಿವಮೊಗ್ಗದಿಂದ ಬಂದೆ. ದೀಪಾರಾಧನೆ ಆಗುತ್ತಿತ್ತು. ಅಣ್ಣ ಮಂಗಳಾರತಿ ತಟ್ಟೆ ಹಿಡಿದಿದ್ದ. ಕರ್ಪೂರದ ಬೆಂಕಿ ಗಡಗಡ ನಡುಗುತ್ತಿತ್ತು, ತಟ್ಟೆಯಲ್ಲಿದ್ದ ಚಿಲ್ಲರೆ ಕಾಸು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿತ್ತು. ಎಲ್ಲರೂ ಶರಣು ಕೂಗುತ್ತಿದ್ದರು. ನನಗೆ ಕೇಳಿಸಿದ್ದು ಆ ಕಾಸಿನ ಸದ್ದು ಮಾತ್ರ.

ನನಗೆ ಗೊತ್ತಿತ್ತು ರಘು. ನಾನು ಮೆಡಿಕಲ್ ವಾರ್ಡಿನಲ್ಲಿದ್ದವಳು. ಅಂಥವರನ್ನು ಮಂಚಕ್ಕೆ ಕಟ್ಟಿದ್ದೆ, ಇಂಜೆಕ್ಷನ್ ಕೊಟ್ಟಿದ್ದೆ. ಅಜ್ಜಿಯ ಹತ್ತಿರ ಮೆಲ್ಲಗೆ ಹೇಳಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಅಂತ. ಮಾಲೆ ಹಾಕಿದವನನ್ನು ಆಸ್ಪತ್ರೆಗಾ, ಸ್ವಾಮಿ ನೋಡಿಕೊಳ್ಳುತ್ತಾನೆ ಸುಮ್ನಿರು ಅಂದರು. ನಾನು ಸುಮ್ಮನಾದೆ. ಇಷ್ಟೇ ನಾನು ಮಾಡಿದ್ದು. ರಾತ್ರಿ ಎಂಟಕ್ಕೆ ಕೊನೆಯ ಬಸ್ಸು ಇತ್ತು. ಅದು ಹೋಗುವ ಸದ್ದು ಕೇಳಿಸಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ.

ಮಾರನೇ ರಾತ್ರಿ ಕಂಬಳಿ ಮೇಲೆ ಇರುವೆ ಹತ್ತುತ್ತಿದೆ ಅಂತ ಒಂದೊಂದೇ ಹೆಕ್ಕಿ ಕೆಳಗೆ ಹಾಕಲು ಶುರು ಮಾಡಿದ. ಒಂದೂ ಇರುವೆ ಇರಲಿಲ್ಲ. ಎಷ್ಟು ನಾಜೂಕಾಗಿ ಹೆಕ್ಕುತ್ತಿದ್ದ ಅಂದರೆ, ಎರಡು ಬೆರಳಲ್ಲಿ, ಇರುವೆಗೆ ನೋವಾಗದ ಹಾಗೆ. ಮನೆಯವರು ಗಾಳಿ ಸೋಕಿದೆ ಅಂದರು. ವ್ರತಕ್ಕೆ ಮೈಲಿಗೆ ತಾಗಿದೆ ಅಂದರು. ಬೆಳಗಾದರೆ ಮಂತ್ರಿಸುವವರನ್ನು ಕರೆಸೋಣ ಅಂದರು. ಬೆಳಗಾಗುವ ಮೊದಲೇ...

ಅದು ನಿನಗೆ ಗೊತ್ತು.

ಏನೋ ಹೇಳಲು ಹೊರಟು ಎಲ್ಲಿಗೋ ಹೋದೆ. ನಿನ್ನ ಚೀನೀ ಡಾಕ್ಟರು ಕಷಾಯ ಕೊಟ್ಟಿದ್ದಾರೆ, ಅದರಲ್ಲಿ ಗೋಧಿ, ಅತಿಮಧುರ, ಒಣಗಿದ ಕೆಂಪು ಹಣ್ಣು ಇದೆ ಅಂತ ಬರೆದಿದ್ದೀಯ. ಅದು ಬಹಳ ಹಳೆಯದು ಮಾರಾಯ. ಸುಮಾರು 1800 ವರ್ಷದ ಹಿಂದೆ ಝಾಂಗ್ ಝೊಂಗ್‌ಜಿಂಗ್ ಅನ್ನುವ ವೈದ್ಯರು ಬರೆದಿಟ್ಟದ್ದು. ಕಾರಣ ಇಲ್ಲದೆ ಅಳುವ, ದೆವ್ವ ಹಿಡಿದ ಹಾಗೆ ಆಡುವ, ಪದೇ ಪದೇ ಆಕಳಿಸುವ ಹೆಂಗಸಿಗೆ ಇದನ್ನು ಕೊಡಿ ಅಂತ. ದೆವ್ವ ಹಿಡಿದ "ಹಾಗೆ" ಅಂದಿದ್ದಾರೆ ನೋಡು. ದೆವ್ವ ಹಿಡಿದಿದೆ ಅನ್ನಲಿಲ್ಲ. ಮಂತ್ರವಾದಿಯ ಹತ್ತಿರ ಕಳಿಸಲಿಲ್ಲ, ಗೋಧಿ ಕುದಿಸಿ ಕುಡಿಸಿ ಅಂದರು. ಅದನ್ನು ಓದುವಾಗ ನನ್ನ ಕಣ್ಣು ಮಂಜಾಯಿತು. ಅಷ್ಟು ಹಿಂದಿನ ಮನುಷ್ಯನಿಗೆ ಹೊಳೆದದ್ದು 1986ರಲ್ಲಿ ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದವಳು ಬಾಯಿ ಮುಚ್ಚಿಕೊಂಡಿದ್ದಳು.

ಕಷಾಯ ಒಳ್ಳೆಯದೇ ಇರಬಹುದು. ಆದರೆ ಅತಿಮಧುರ ದಿನಾ ಕುಡಿದರೆ ಬಿಪಿ ಏರುತ್ತದೆ, ಮೈಯ ಪೊಟ್ಯಾಸಿಯಂ ಇಳಿಯುತ್ತದೆ. ಕುಡಿಯುವವರಿಗೆ ಅದು ಮೊದಲೇ ಕಡಿಮೆ ಇರುತ್ತದೆ. ಹೆ ಷೌ ವು ಅನ್ನುವ ಬೇರು ಏನಾದರೂ ಸೇರಿಸಿದ್ದಾರಾ ಕೇಳು, ಅದರಿಂದ ಲಿವರ್ ಕೆಟ್ಟವರಿದ್ದಾರೆ. ಡಾಕ್ಟರ ಹತ್ತಿರ ಹೋಗುವಾಗ ಆ ಚೀಟಿ ತೆಗೆದುಕೊಂಡು ಹೋಗು, ಚೀನೀ ಅಕ್ಷರದಲ್ಲಿದ್ದರೂ ಪರವಾಗಿಲ್ಲ.

ಗೆಗೆನ್ ಅನ್ನುವ ಚೀನೀ ಬೇರಿನ ಬಗ್ಗೆ ನೀನು ಕೇಳಿದ್ದೆಯಲ್ಲ. ಅದು ನಮ್ಮ ಹುರುಳಿ, ಅವರೆ ಜಾತಿಯದೇ ಒಂದು ಬಳ್ಳಿ. ಬಾಸ್ಟನ್ ಹತ್ತಿರದ ಮೆಕ್ಲೀನ್ ಆಸ್ಪತ್ರೆಯವರು ಅದನ್ನು 14 ಜನ ಕುಡಿಯುವವರಿಗೆ ಒಂದು ವಾರ ಕೊಟ್ಟು, ಮನೆಯ ಹಾಗೆ ಮಾಡಿದ ಒಂದು ಕೋಣೆಯಲ್ಲಿ ಬಿಯರ್ ಇಟ್ಟು ನೋಡಿದರಂತೆ. ಸ್ವಲ್ಪ ಕಡಿಮೆ ಕುಡಿದರು. 2005ರಲ್ಲಿ ಅದು ಪ್ರಕಟವಾಯಿತು. ಬರೀ ಹದಿನಾಲ್ಕು ಜನ, ಅಷ್ಟರ ಮೇಲೆ ಏನು ಹೇಳುವುದು. ಅದೂ ಕಡಿಮೆ ಕುಡಿಯಲು. ಪೂರ್ತಿ ನಿಲ್ಲಿಸಿದಾಗ ಬರುವ ಫಿಟ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಸೂಜಿಯ ಪರೀಕ್ಷೆಗಳನ್ನೂ ಓದಿದೆ. ಅಮೆರಿಕದಲ್ಲೇ 1989ರಲ್ಲಿ, ಕುಡಿತ ಬಿಟ್ಟು ಬಿಟ್ಟು ಮತ್ತೆ ಬಿದ್ದ 80 ಜನರ ಮೇಲೆ ಮಾಡಿದ್ದರು. ಸರಿಯಾದ ಜಾಗಕ್ಕೆ ಸೂಜಿ ಹಾಕಿದ 40 ಜನರಲ್ಲಿ 21 ಜನ ಚಿಕಿತ್ಸೆ ಪೂರ್ತಿ ಮುಗಿಸಿದರು. ಸುಮ್ನೆ ಬೇರೆ ಜಾಗಕ್ಕೆ ಹಾಕಿದ 40ರಲ್ಲಿ ಒಬ್ಬನೇ. ಅದನ್ನು ಓದಿ ನನಗೂ ಆಸೆ ಹುಟ್ಟಿತು. ಆದರೆ ಅದೇ ವೈದ್ಯರ ತಂಡ ಆಮೇಲೆ 503 ಜನರ ಮೇಲೆ ಮಾಡಿದಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದು 2002. ಕೊಕೇನ್ ಚಟದ 620 ಜನರ ಮೇಲೆ ಮಾಡಿದ ಪರೀಕ್ಷೆಯೂ ಹಾಗೇ ಆಯಿತು. ಕಿವಿಯ ಸರಿಯಾದ ಜಾಗಕ್ಕೆ ಸೂಜಿ, ಬೇರೆ ಜಾಗಕ್ಕೆ ಸೂಜಿ, ಬರೀ ಮನಸ್ಸು ಹಗುರ ಆಗುವ ವಿಡಿಯೊ, ಮೂರಕ್ಕೂ ಒಂದೇ ಫಲ. ನಾಡಾದವರೇ ಇದನ್ನು ಬೇರೆ ಚಿಕಿತ್ಸೆಯ ಜೊತೆಗೆ ಮಾಡಿ ಅನ್ನುತ್ತಾರೆ. ನೀನು ಜೊತೆಗೆ ಅನ್ನುವುದನ್ನು ಬಿಟ್ಟು ಬರೀ ಸೂಜಿ ಹಿಡಿದುಕೊಂಡಿದ್ದೀಯ.

ನಿನ್ನ ಲಿವರಿನಲ್ಲಿ ಚೀ, ಅಂದರೆ ಅವರು ಹೇಳುವ ಪ್ರಾಣಶಕ್ತಿ, ಕಟ್ಟಿಕೊಂಡಿದೆ, ಅದಕ್ಕೇ ಮನಸ್ಸು ಭಾರ ಅಂದರಂತಲ್ಲ ಆ ಡಾಕ್ಟರು. ಇರಲಿ. ನಾವು ಪಿತ್ತ ನೆತ್ತಿಗೇರಿದೆ ಅಂತೇವೆ, ನರ ದೌರ್ಬಲ್ಯ ಅಂತೇವೆ. ಚೀನಾದಲ್ಲೂ ಒಂದು ಕಾಲಕ್ಕೆ ನರ ದೌರ್ಬಲ್ಯ ಅಂತಲೇ ಬರೆಯುತ್ತಿದ್ದರಂತೆ. ಹುಚ್ಚು ಅಂತ ಯಾರಿಗೂ ಅನಿಸಬಾರದಲ್ಲ. ನಿನಗೆ ಆ ಮಾತು ಹಗುರ ಅನಿಸಿದರೆ ಅದನ್ನೇ ಇಟ್ಟುಕೋ. ಆದರೆ ಎಷ್ಟು ಕುಡಿಯುತ್ತೀ ಅನ್ನುವುದನ್ನು ಮಾತ್ರ ಒಬ್ಬ ಎಂಬಿಬಿಎಸ್ ಆದವರಿಗೆ, ನಿಮ್ಮ ಕಡೆ ಏನಂತಾರೋ ಅವರಿಗೆ, ಸರಿಯಾದ ಲೆಕ್ಕದಲ್ಲಿ ಹೇಳು. ನನಗೆ ಬರೆದ ಲೆಕ್ಕ ಬೇಡ. ನನಗೆ ಅರ್ಧ ಬರೆದಿದ್ದೀಯ ಅಂತ ಗೊತ್ತು. ವಾರ್ಡಿನಲ್ಲಿ ನಾವು ಯಾವಾಗಲೂ ಹೇಳಿದ್ದನ್ನು ಎರಡರಿಂದ ಗುಣಿಸುತ್ತಿದ್ದೆವು.

ಅವರು ಐದಾರು ದಿನಕ್ಕೆ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಬಿ1 ಕೊಡುತ್ತಾರೆ, ಕೊಡದಿದ್ದರೆ ಕೇಳು, ಗ್ಲೂಕೋಸ್ ಏರಿಸುವ ಮೊದಲೇ ಅದು ಹೋಗಬೇಕು. ಅಡ್ಮಿಟ್ ಆಗು ಅಂದರೆ ಆಗು. ದುಡ್ಡಿನ ವಿಷಯ ನಾನಿದ್ದೇನೆ, ಪೆನ್ಶನ್ ಬರುತ್ತದೆ, ನನಗೇನು ಖರ್ಚು. ಅಲ್ಲಿಯವರೆಗೆ, ಇದನ್ನು ದೊಡ್ಡಮ್ಮ ಹೇಳಬಾರದು, ಆದರೂ ಹೇಳುತ್ತೇನೆ, ಒಮ್ಮೆಗೇ ನಿಲ್ಲಿಸಬೇಡ. ಕುಡಿ ಅಂತ ಹೇಳುವ ದೊಡ್ಡಮ್ಮ ಊರಲ್ಲಿ ನಾನೊಬ್ಬಳೇ ಇರಬೇಕು. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದರೋ.

ಆ ವಾರ ಕಳೆದ ಮೇಲೆ ಕಿವಿಗೆ ಐದಲ್ಲ, ಹತ್ತು ಸೂಜಿ ಹಾಕಿಸಿಕೋ. ಆ ಕೋಣೆಯಲ್ಲಿ ಕೂತು ನಿದ್ದೆ ಮಾಡು. ನನಗೆ ಸಂತೋಷವೇ.

ನಿನ್ನ ಕೈ ಹೇಗಿದೆ ಅಂತ ದಿನಾ ಬೆಳಿಗ್ಗೆ ನೋಡಿಕೊಳ್ಳುತ್ತಿದ್ದೀಯಾ? ನಡುಗು ಜಾಸ್ತಿ ಆದರೆ, ಎದೆ ಡವಡವ ಅಂದರೆ, ಮೈ ಬೆವರಿದರೆ, ಏನಾದರೂ ಕಂಡರೆ, ಸೂಜಿಯವರಿಗೆ ಫೋನ್ ಮಾಡಬೇಡ, 911ಕ್ಕೆ ಮಾಡು. ನಾಚಿಕೆ ಪಡಬೇಡ.

ಇದನ್ನೆಲ್ಲ ಬರೆಯುವ ಹಕ್ಕು ನನಗಿದೆಯಾ ಅಂತಲೂ ಅನಿಸುತ್ತದೆ. ಅವತ್ತು ಬಾಯಿ ಬಿಡದವಳು ಇವತ್ತು ಆರು ಪುಟ ಬರೆಯುತ್ತಿದ್ದೇನೆ. ನಿನಗೆ ಕಿರಿಕಿರಿ ಆಗಿರಬಹುದು. ಬೈದುಕೋ, ಆದರೆ ಓದು.

ಭಾನುವಾರ ನಿನಗೆ ಬೆಳಿಗ್ಗೆ ಎಂಟು ಅಂದರೆ ನನಗೆ ಸಂಜೆ. ವಿಡಿಯೊ ಕಾಲ್ ಮಾಡು. ಮುಖ ತೋರಿಸದಿದ್ದರೂ ಪರವಾಗಿಲ್ಲ. ಆ ಕಾಫಿ ಮಗ್ ಹಿಡಿದುಕೊಂಡು ಕೂತುಕೋ, ನಾನು ನೋಡಬೇಕು.

ನಿನ್ನ
ದೊಡ್ಡಮ್ಮ