ಎಡ-ಬಲ ಹೇಳಿ ನಡೆಸಿದವರಿಗೆ

ನಮ್ಮ ಮನೆಯವರ ಮೆದುಳಿನ ಆಪರೇಷನ್ ಆಗಿ ವರ್ಷ ತುಂಬಿತು. ಈಗ ರೊಟ್ಟಿ ತಾವೇ ಮುರಿದು ಉಣ್ಣುತ್ತಾರೆ, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ವಿಜಯಪುರದಲ್ಲಿ ಎದುರಾದವರೆಲ್ಲ "ಮಷಿನ್ ಛಲೋ ಕೆಲಸ ಮಾಡೇತ್ರಿ ಅಕ್ಕಾರ" ಅನ್ನುತ್ತಾರೆ. ಹೌದು, ಮಾಡಿದೆ. ಜೊತೆಗೆ ಕೆಲಸ ಮಾಡಿದ ಜನರನ್ನೂ ನಾನು ನೆನೆಯಲೇಬೇಕು.

ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ಮಾತ್ರೆ ಬಹಳ ವರ್ಷ ನಡೆಯಿತು. ಬರಬರುತ್ತ ಅದರ ಬಲ ಬೇಗ ಇಳಿಯತೊಡಗಿತು. ಇಳಿದಾಗ ಮೈ ಸೆಟೆದುಕೊಳ್ಳುವುದು, ಏರಿದಾಗ ಕೈಕಾಲು ತಾವಾಗಿಯೇ ತಿರುಚಾಡುವುದು. ಆಗ ಬೆಂಗಳೂರಿನ ವೈದ್ಯರು ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಮಾಡಿಸಲು ಹೇಳಿದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಾಬಿಡ್ ಮತ್ತು ಸಂಗಡಿಗರು 1987ರಲ್ಲಿ ಇದಕ್ಕೆ ದಾರಿ ತೆರೆದರಂತೆ. ಮೆದುಳಿನ ಆಳಕ್ಕೆ ತೆಳುವಾದ ತಂತಿ, ಎದೆಯ ಚರ್ಮದಡಿ ಬ್ಯಾಟರಿ, ಸೆಕೆಂಡಿಗೆ ಸುಮಾರು 130 ಸಣ್ಣ ವಿದ್ಯುತ್ ಮಿಡಿತ. ಎಚ್ಚರವಿದ್ದ ಇವರನ್ನು ಉದ್ದಕ್ಕೂ ಮಾತಾಡಿಸುತ್ತ ತಂತಿ ಇಳಿಸಿದ ವೈದ್ಯರಿಗೆ, ಆಮೇಲೆ ತಾಳ್ಮೆಯಿಂದ ಮಿಡಿತದ ಅಳತೆ ಹೊಂದಿಸಿಕೊಟ್ಟವರಿಗೆ ಕೈಮುಗಿಯುತ್ತೇನೆ.

ನಡುಕ ನಿಂತಿತು, ಬಿಗಿ ಸಡಿಲಾಯಿತು. ಆದರೂ ಹೊಸ್ತಿಲ ಹತ್ತಿರ ಕಾಲು ಕಿತ್ತು ಇಡಲು ಆಗುತ್ತಿರಲಿಲ್ಲ. ಈ ಚಿಕಿತ್ಸೆ ರೋಗವನ್ನು ವಾಸಿ ಮಾಡುವುದಿಲ್ಲ. ಸಮತೋಲ ಮತ್ತು ಮಾತಿನ ತೊಂದರೆ ಇದರಿಂದ ಅಷ್ಟಾಗಿ ಕಡಿಮೆಯಾಗುವುದೂ ಇಲ್ಲ. ಮಾಡಿಸಬೇಕೆಂದಿರುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಕಾಲು ಹೀಗೆ ಯಾಕೆ ಕಚ್ಚಿಕೊಳ್ಳುತ್ತದೆ ಎಂದು ನಮಗೆ ಬಿಡಿಸಿ ಹೇಳಿದವಳು ಇಲ್ಲಿಯ ಫಿಜಿಯೋಥೆರಪಿ ಹುಡುಗಿ. ರೂಢಿಯಾದ ಚಲನೆಗಳು ಯೋಚಿಸದೆಯೇ ನಡೆಯುವುದು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದಿಂದ. ಈ ಕಾಯಿಲೆಯಲ್ಲಿ ಕೆಡುವುದು ಅದೇ ಕೆಲಸ. ಆದರೆ ಕಣ್ಣಿಗೆ ಗೆರೆ ಕಂಡರೆ, ಕಿವಿಗೆ ತಾಳ ಬಿದ್ದರೆ, ಮೆದುಳು ಬೇರೆ ದಾರಿ ಹಿಡಿದು ಹೆಜ್ಜೆ ಎತ್ತಿಸುತ್ತದೆ. ಪಡಸಾಲೆಯ ತುಂಬ ಬಿಳಿ ಟೇಪು ಅಂಟಿಸಿದ್ದು ಅವಳೇ.

ತಾಳ ಕೊಟ್ಟವರು ಇವರ ಹಳೆಯ ವಿದ್ಯಾರ್ಥಿಗಳು. ಇವರು ದೈಹಿಕ ಶಿಕ್ಷಕರಾಗಿದ್ದವರು. ಅಂಗಡಿ ತೆಗೆಯುವ ಮುಂಚೆ ಒಬ್ಬ, ರಾತ್ರಿ ಪಾಳಿ ಮುಗಿಸಿ ಇನ್ನೊಬ್ಬ, ಗೋಳಗುಮ್ಮಟದ ಉದ್ಯಾನಕ್ಕೆ ಬಂದು "ಎಡ-ಬಲ, ಎಡ-ಬಲ" ಅನ್ನುತ್ತ ಪಕ್ಕದಲ್ಲಿ ನಡೆದರು. ಎಲ್ಲಕ್ಕಿಂತ ಕಷ್ಟವಾದದ್ದು ತಿರುಗುವುದು. ಆಯುಷ್ಯವಿಡೀ ಮಕ್ಕಳಿಗೆ ಹಿಮ್ಮಡಿ ಮೇಲೆ ಗರಕ್ಕನೆ ಹಿಂದೆ ತಿರುಗಲು ಕಲಿಸಿದ ಕಾಲುಗಳು ಈಗಲೂ ಹಾಗೇ ತಿರುಗಲು ಹೋಗಿ ತಡವರಿಸುತ್ತಿದ್ದವು. "ಸರ್, ಬಂಡಿ ಹೊಳ್ಳಿಸಿದಂಗ ದೊಡ್ಡದಾಗಿ ಸುತ್ತು ಹಾಕ್ರಿ" ಎಂದು ಹುಡುಗರು ತಾವೇ ಸುತ್ತಿ ತೋರಿಸಿದರು. ಒಂದು ದಿನವೂ ಬೇಸರಪಡಲಿಲ್ಲ. ಅಪ್ಪಗಳಿರಾ, ನಿಮ್ಮ ಮನೆ ತಣ್ಣಗಿರಲಿ.

ಇವರ ದನಿ ಇನ್ನೂ ಸಣ್ಣದಿದೆ. ಜೋರಾಗಿ ಮಾತಾಡುವ ಅಭ್ಯಾಸ ನಡೆದಿದೆ, ಅದಕ್ಕೆ ಎದುರು ಕೂತು ಕೇಳುವವರು ಬೇಕು. ಸಂಜೆ ಬಿಡುವಿದ್ದವರು ಮನೆಗೆ ಬರ್ರಿ, ಚಹಾ ಇಟ್ಟಿರ್ತೀನಿ.