ಗಾಜಿನಂಗಡಿಯಿಂದ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಬ್ಯಾಂಕಿನ ಕೆಲಸ ಬಿಟ್ಟು ನಾಟಕ ತಂಡ ಸೇರುತ್ತೇನೆಂದು ನೀನು ಹೇಳಿದ ಭಾನುವಾರ ನಾನು ಆಡಿದ ಮಾತುಗಳನ್ನು ಮತ್ತೆ ಬರೆಯಲಾರೆ. ನೀನು ಹೊರಟುಹೋದ ರಾತ್ರಿ ನಿದ್ದೆ ಬಾರದೆ, ಚಾಪ್ಲಿನ್ನನ ‘ದಿ ಕಿಡ್’ ಚಿತ್ರವನ್ನು ಮೊಬೈಲಿನಲ್ಲಿ ಒಬ್ಬನೇ ಕುಳಿತು ನೋಡಿದೆ.

1921ರ ಆ ಮೂಕಿ ಚಿತ್ರವನ್ನು ನಿನಗೆ ತೋರಿಸಿದ್ದೇ ಅದರಲ್ಲಿ ನನ್ನ ಕಸುಬಿದೆ ಎಂಬ ಹೆಮ್ಮೆಗೆ. ಹುಡುಗ ಕಲ್ಲೆಸೆದು ಕಿಟಕಿ ಒಡೆದು ಓಡುತ್ತಾನೆ. ಅವನನ್ನು ಸಾಕಿದ ಅಲೆಮಾರಿ, ಅಂದರೆ ಚಾಪ್ಲಿನ್, ಗಾಜುಗಳನ್ನು ಬೆನ್ನಿಗೇರಿಸಿಕೊಂಡು ಏನೂ ಅರಿಯದವನಂತೆ ಅದೇ ಬೀದಿಗೆ ಬಂದು ರಿಪೇರಿಗೆ ನಿಲ್ಲುತ್ತಾನೆ. (ಅವನು ಪುಟ್ಟಿ ಮೆತ್ತುವ ಚಂದಕ್ಕೆ ಆ ಗಾಜು ಒಂದು ಮಳೆಗಾಲ ತಡೆಯುವುದಿಲ್ಲ, ಆ ಮಾತು ಬೇರೆ.) ಇನ್ನೊಂದು ಕಿಟಕಿಗೆ ಗುರಿಯಿಟ್ಟು ಹುಡುಗ ಕೈ ಹಿಂದಕ್ಕೆಳೆದಾಗ ಅದು ಬೆನ್ನ ಹಿಂದೆ ನಿಂತ ಪೊಲೀಸನ ಕೋಟಿಗೆ ತಾಗುವ ಆ ಕ್ಷಣಕ್ಕೆ ನೀನು ಬಿದ್ದು ಬಿದ್ದು ನಕ್ಕಿದ್ದೆ. ಆದರೆ ಅನಾಥಾಲಯದವರು ಹುಡುಗನನ್ನು ಲಾರಿಗೆ ಹಾಕಿಕೊಂಡು ಹೊರಟಾಗ, ಅವನು ಕೈ ಚಾಚಿ ಅಳುವಾಗ, ಆರು ವರ್ಷದ ನೀನು ಎದ್ದು ಹೋಗಿ ಟಿವಿಯ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತೆ. ನಾನು ನಕ್ಕೆ. ನಕ್ಕಿದ್ದು ಸಾಲದೆ, ಮದುವೆ ಮುಂಜಿಗಳಲ್ಲಿ ನೆಂಟರ ಮುಂದೆ ಅದನ್ನೇ ಹೇಳಿ, ನೀನು ಎದ್ದು ಹೋಗುವವರೆಗೂ ನಗಿಸಿದೆ. ಏಳರ ವಯಸ್ಸಿನಲ್ಲಿ ಲಂಡನ್ನಿನ ನಿರ್ಗತಿಕರ ವಸತಿಗೆ ಸೇರಿ ತಾಯಿಯಿಂದ ಬೇರೆಯಾದವನು ಚಾಪ್ಲಿನ್. 1919ರಲ್ಲಿ ಅವನ ಮೊದಲ ಮಗು ಬದುಕಿದ್ದು 3 ದಿನ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಮೊನ್ನೆ ರಾತ್ರಿ ಆ ಲಾರಿ ಬಂದಾಗ ನಾನು ಮೊಬೈಲನ್ನು ಮಗುಚಿಟ್ಟುಬಿಟ್ಟೆ. ಅಲೆಮಾರಿ ಮಾಡುಗಳ ಮೇಲೆ ಓಡಿ ಲಾರಿಯನ್ನು ಹಿಡಿಯುತ್ತಾನೆಂದು ಗೊತ್ತಿದ್ದೂ ನೋಡಲಾಗಲಿಲ್ಲ.

ಕಾಲೇಜಿನ ವೇದಿಕೆಯಲ್ಲಿ ನೀನು ಖಾಲಿ ತಟ್ಟೆಯ ಮುಂದೆ ಕುಳಿತು, ಒಂದೂ ಮಾತಿಲ್ಲದೆ ಹೊಟ್ಟೆತುಂಬ ಉಂಡದ್ದನ್ನು ನಾನು ಕೊನೆಯ ಸಾಲಿನಲ್ಲಿ ನಿಂತು ನೋಡಿದ್ದೆ. ಅದನ್ನು ನಿನಗೆ ಹೇಳಿರಲಿಲ್ಲ.

ಆದರೂ ಕೇಳು. ತೂತು ಬೂಟಿನ ಬಡವನಾಗಿ ನಟಿಸುತ್ತಿದ್ದ ಚಾಪ್ಲಿನ್ನನಿಗೆ 1916ರಲ್ಲೇ ವಾರಕ್ಕೆ 10,000 ಡಾಲರ್ ಸಂಬಳವಿತ್ತು. ನಿನಗೆ ಅಂಥ ಸಂಬಳ ಯಾರೂ ಕೊಡುವುದಿಲ್ಲ. ಆ ಹುಡುಗನ ಪಾತ್ರ ಮಾಡಿದ ಜಾಕಿ ಕೂಗನ್ ದುಡಿದದ್ದನ್ನು ಅವನ ತಾಯಿಯೂ ಮಲತಂದೆಯೂ ಕರಗಿಸಿದರು. ಅವನು 1938ರಲ್ಲಿ ಕೋರ್ಟು ಹತ್ತಬೇಕಾಯಿತು. ಬಾಲನಟರ ಗಳಿಕೆಯನ್ನು ಕಾಯುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಬಂದದ್ದು ಅದರ ಮರುವರ್ಷ. ಆದ್ದರಿಂದ ಸಂಭಾವನೆ ನಿನ್ನ ಖಾತೆಗೇ ಬರಲಿ, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ, ವಿಮೆಯ ಕಂತು ತಪ್ಪಿಸಬೇಡ, ರಾತ್ರಿ ತಾಲೀಮು ಮುಗಿದ ಮೇಲೆ ಒಬ್ಬಳೇ ಬರಬೇಡ. ಮತ್ತೆ ಶುರುವಾಯಿತು ಎನ್ನುತ್ತೀಯೇನೋ.

ಅಂದು ನಾನು ಬಾಗಿಲು ಬಡಿದ ರಭಸಕ್ಕೆ ನಿನ್ನ ಕೋಣೆಯ ಕಿಟಕಿಯ ಗಾಜು ಸೀಳಿತ್ತು. 30 ವರ್ಷ ಊರಿನವರ ಕಿಟಕಿಗಳಿಗೆಲ್ಲ ಗಾಜು ಕೂರಿಸಿದವನು, ಇದಕ್ಕೆ 9 ದಿನ ಕೈ ಹಚ್ಚಲಿಲ್ಲ. ಇವತ್ತು 14 ಅಂಗುಲ ಅಗಲ, 20 ಅಂಗುಲ ಉದ್ದದ ಗಾಜು ಕೊಯ್ದು ಕೂರಿಸಿದ್ದೇನೆ. ಬಟ್ಟೆಬರೆ ಒಯ್ಯಲು ನೀನು ಶನಿವಾರ ಬರುತ್ತೀಯೆಂದು ಅಮ್ಮ ಹೇಳಿದಳು. ಅಷ್ಟರೊಳಗೆ ಪುಟ್ಟಿ ಗಟ್ಟಿಯಾಗಿರುವುದಿಲ್ಲ. ಆ ಕಿಟಕಿಯನ್ನು ತೆರೆಯಬೇಡ.

ನಿನ್ನ
ಅಪ್ಪ