ಬೆಳಗಿನ ಕೂಗಿನ ಬಗ್ಗೆ, ಮೂರನೇ ಮಹಡಿಯಿಂದ

ಎಲ್ಲರಿಗೂ ನಮಸ್ಕಾರ. ಹೋದ ವಾರ ಬೆಳಿಗ್ಗೆ 9ರ ಮೇಲೆ ಕೇಳಿಸುತ್ತಿದ್ದ ಊಳು ನಮ್ಮ ನಾಯಿ ಕರಿಯನದ್ದೇ. ಕ್ಷಮಿಸಿ. ನಾನು ಮತ್ತೆ ವೈಟ್‌ಫೀಲ್ಡ್ ಆಫೀಸಿಗೆ ಹೋಗತೊಡಗಿದ ಮೇಲೆ ಶುರುವಾಯಿತು. ಹಳೇ ಫೋನಿಟ್ಟು ವಿಡಿಯೋ ಮಾಡಿ ನೋಡಿದೆ: ಬಾಗಿಲು ಹಾಕಿದ 5 ನಿಮಿಷಕ್ಕೇ ಜೊಲ್ಲು ಸುರಿಸುತ್ತಾ ಹೊಸ್ತಿಲು ಕೆರೆಯುತ್ತಿದ್ದಾನೆ. ಇಷ್ಟದ ಚಿಕನ್ ಹಾಗೇ ಬಿದ್ದಿದೆ. ಅದು ಹಟ ಅಲ್ಲ, ಗಾಬರಿ. ಬೈದರೆ ಜಾಸ್ತಿಯೇ ಆಗುತ್ತದೆ.

ಈಗ ದಿನಕ್ಕೆ ಹತ್ತು ಸಲ ಕೀ ಎತ್ತಿಕೊಂಡು ಸುಮ್ನೆ ಸೋಫಾ ಮೇಲೆ ಕೂರುತ್ತೇನೆ. ಕೀ ಸದ್ದಾದರೆ ಹೊರಟೇಬಿಟ್ಟರು ಅನ್ನುವ ನಂಟು ಕಳಚಬೇಕಲ್ವಾ? ಆಮೇಲೆ 10 ಸೆಕೆಂಡ್ ಹೊರಗೆ, 30 ಸೆಕೆಂಡ್, 2 ನಿಮಿಷ. ಅವನು ಹೆದರುವ ಮೊದಲೇ ವಾಪಸ್. ಲಿಫ್ಟ್ ಹತ್ತಿರ ಕಳ್ಳನ ಹಾಗೆ ನಿಂತಿರುವುದು ಇದಕ್ಕೇ! ನಡುವೆ ಇಡೀ ದಿನ ಒಂಟಿ ಬಿಟ್ಟರೆ ಎಲ್ಲ ನೀರಲ್ಲಿ ಹೋಮ. ಹಾಗಾಗಿ ಆಫೀಸಿನ ದಿನ ಅವನು ಮಲ್ಲೇಶ್ವರದ ಅಮ್ಮನ ಮನೆಗೆ.

ನಿಮ್ಮ ನಾಯಿಯೂ ಹೀಗೆ ಮಾಡಿದರೆ ಮೊದಲು ವೈದ್ಯರಿಗೆ ತೋರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಆಸ್ಪತ್ರೆಯಿದೆ. ತೀರಾ ಜಾಸ್ತಿಯಿದ್ದರೆ ಗಾಬರಿ ತಗ್ಗಿಸುವ ಫ್ಲುಆಕ್ಸೆಟಿನ್ ಥರದ ಮಾತ್ರೆ ಕೊಡುವುದುಂಟು, ಅದು ಹಿಡಿಯಲು ಕೆಲವು ವಾರ ಬೇಕು.

ಮತ್ತೆ ಕೂಗಿದರೆ ದಯವಿಟ್ಟು ಬಾಗಿಲು ಬಡಿಯಬೇಡಿ. ನನಗೊಂದು ಮೆಸೇಜ್ ಹಾಕಿ.